ದೀಪಾವಳಿಯ ಲಕೋಟೆ, ನೆನಪಿಗೆ ಬಾರದ ವಚನ

ಪ್ರಶ್ನೆ: ನಾನು ಬೀದರ್ ಜಿಲ್ಲೆಯವನು. ಒಂಬತ್ತು ವರ್ಷಗಳಿಂದ ಪುಣೆಯಲ್ಲಿದ್ದೇನೆ. ಚಾಕಣದ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ಮತ್ತು ಖರೀದಿಯ ಕೆಲಸ. ಹೋದ ದೀಪಾವಳಿಗೆ ಕೈಗವಸು ಪೂರೈಸುವ ವ್ಯಾಪಾರಿಯೊಬ್ಬರು ಮಿಠಾಯಿ ಡಬ್ಬಿಯ ಕೆಳಗೆ 15,000 ರೂಪಾಯಿಯ ಲಕೋಟೆ ಇಟ್ಟು ಕೊಟ್ಟರು. ಮಗಳ ಶಾಲೆಯ ಫೀಸು ಬಾಕಿಯಿತ್ತು, ತೆಗೆದುಕೊಂಡೆ. ಅದರಲ್ಲಿ 1,500 ರೂಪಾಯಿಯನ್ನು ದಶಮಾಂಶವೆಂದು ಸಭೆಯ ಕಾಣಿಕೆಗೆ ಹಾಕಿದೆ. ಕ್ಷಮೆ ಕೇಳಿ ಪ್ರಾರ್ಥನೆಯನ್ನೂ ಮಾಡಿದ್ದೇನೆ. ಈಗ ಅದೇ ವ್ಯಾಪಾರಿ ಪ್ರತಿ ಬಿಲ್ಲಿನ ಮೇಲೆ ನೂರಕ್ಕೆ ಎರಡು ಕೊಡುತ್ತೇನೆ ಎನ್ನುತ್ತಿದ್ದಾರೆ. ಖಾಸಗಿ ಕಂಪನಿ, ಎಲ್ಲರೂ ತೆಗೆದುಕೊಳ್ಳುತ್ತಾರೆ, ಯಾರಿಗೂ ನಷ್ಟವಿಲ್ಲ ಎಂದು ಮನಸ್ಸು ಹೇಳುತ್ತದೆ. ವಚನಗಳನ್ನು ಬಾಯಿಪಾಠ ಮಾಡಿದ್ದೇನೆ, ಆದರೆ ಅವರು ಎದುರಿಗೆ ಕೂತಾಗ ಒಂದೂ ನೆನಪಿಗೆ ಬರುವುದಿಲ್ಲ. ದೇವರೇ ನನ್ನನ್ನು ಶೋಧಿಸುತ್ತಿದ್ದಾನೆಯೇ? ಇದನ್ನು ಗೆಲ್ಲುವುದು ಹೇಗೆ?

ಉತ್ತರ: ನಿಮ್ಮ ಪತ್ರವನ್ನು ಓದುವಾಗ ಕಾಣಿಕೆಗೆ ಹಾಕಿದ ಆ 1,500 ರೂಪಾಯಿಯ ಹತ್ತಿರ ನಾನು ಬಹಳ ಹೊತ್ತು ನಿಂತೆ. ಅದಕ್ಕೆ ಆಮೇಲೆ ಬರುತ್ತೇನೆ. ದೇವರೇ ಶೋಧಿಸುತ್ತಿದ್ದಾನೆಯೇ ಎಂಬುದನ್ನು ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಅಲ್ಲಿ ತಪ್ಪಿದವನು ಮುಂದಿನದೆಲ್ಲವನ್ನೂ ತಪ್ಪಾಗಿಯೇ ಹಿಡಿಯುತ್ತಾನೆ.

ಯಾಕೋಬನ ಪತ್ರಿಕೆಯ ಮೊದಲನೆಯ ಅಧ್ಯಾಯದ 13ನೆಯ ವಚನ ಈ ವಿಷಯದಲ್ಲಿ ಸಂದೇಹಕ್ಕೆ ಎಡೆ ಇಡುವುದಿಲ್ಲ. ಶೋಧನೆಗೆ ಒಳಗಾದವನು ಇದು ದೇವರಿಂದ ಬಂತೆಂದು ಹೇಳಬಾರದು, ದೇವರು ಯಾರನ್ನೂ ಕೆಟ್ಟದ್ದಕ್ಕೆ ಸೆಳೆಯುವವನಲ್ಲ ಎನ್ನುತ್ತದೆ ಅದು. ಹಾಗಾದರೆ ಆದಿಕಾಂಡದ 22ನೆಯ ಅಧ್ಯಾಯದಲ್ಲಿ ದೇವರು ಅಬ್ರಹಾಮನನ್ನು ಪರೀಕ್ಷಿಸಿದನೆಂದು ಇದೆಯಲ್ಲ ಎಂದು ನೀವು ಕೇಳಬಹುದು. ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ಪರೀಕ್ಷೆಗೂ ದುಷ್ಪ್ರೇರಣೆಗೂ ಪೆಯಿರಾಸ್ಮೊಸ್ ಎಂಬ ಒಂದೇ ಶಬ್ದವಿದೆ. ನಮ್ಮ ಸತ್ಯವೇದವನ್ನು ಕನ್ನಡಕ್ಕೆ ತಂದವರು ಅದಕ್ಕೆ ಶೋಧನೆ ಎಂಬ ಮಾತನ್ನು ಆರಿಸಿಕೊಂಡದ್ದು ನಮ್ಮ ಭಾಗ್ಯವೆಂದೇ ನಾನು ತಿಳಿದಿದ್ದೇನೆ. ಕರೆದ ಹಾಲನ್ನು ತೆಳುವಾದ ಬಟ್ಟೆಯಲ್ಲಿ ಶೋಧಿಸುವುದನ್ನು ನೀವು ಊರಲ್ಲಿ ನೋಡಿರುತ್ತೀರಿ. ಶೋಧಿಸುವ ಕೈಗೆ ಹಾಲು ಉಳಿಯಬೇಕೆಂಬ ಆಸೆ ಇರುತ್ತದೆ. ಅದೇ ಹಾಲಿನ ಹತ್ತಿರ ಹುಳಿ ಹಿಡಿದುಕೊಂಡು ನಿಂತವನಿಗೆ ಅದು ಒಡೆಯಬೇಕೆಂಬ ಆಸೆ. ನಿಮ್ಮ ಮೇಜಿನ ಮೇಲೆ ಬಂದ ಲಕೋಟೆಯ ಹಿಂದೆ ನಿಮ್ಮನ್ನು ಕೊಂಡುಕೊಳ್ಳುವ ಉದ್ದೇಶವಿತ್ತು. ಆ ಉದ್ದೇಶ ದೇವರದಲ್ಲ. ಆದರೆ ಆ ಗಳಿಗೆಯಲ್ಲಿ ನಿಮ್ಮನ್ನು ಉಳಿಸಿಕೊಳ್ಳಬೇಕೆಂಬ ಉದ್ದೇಶ ದೇವರಿಗೆ ಇತ್ತು, ಈಗಲೂ ಇದೆ. ಫೀಸಿನ ಗಡುವಿಗೆ ಸರಿಯಾಗಿ ಬಂದ ಹಣವಾದ್ದರಿಂದ ದೇವರೇ ಕಳುಹಿಸಿದ ಸಹಾಯವಿರಬಹುದೆಂಬ ಯೋಚನೆ ಒಂದು ಕ್ಷಣವಾದರೂ ನಿಮಗೆ ಬಂದಿದ್ದರೆ ಅದನ್ನು ಬಿಟ್ಟುಬಿಡಿ.

ಯಾಕೋಬನು ಮುಂದಿನ ವಚನದಲ್ಲಿ, ಪ್ರತಿಯೊಬ್ಬನೂ ತನ್ನ ಸ್ವಂತ ಆಸೆಯಿಂದ ಎಳೆಯಲ್ಪಟ್ಟು ಮರುಳಾಗುತ್ತಾನೆ ಎನ್ನುತ್ತಾನೆ. ಮರುಳಾಗುವುದು ಎಂಬಲ್ಲಿ ಅವನು ಬಳಸಿದ ದೆಲೆಯಾಜೊ ಎಂಬ ಗ್ರೀಕ್ ಕ್ರಿಯಾಪದ ಗಾಳಕ್ಕೆ ಸಿಕ್ಕಿಸುವ ಎರೆಯಿಂದ ಬಂದದ್ದು. ಮೀನು ಕೊಕ್ಕೆಯನ್ನು ನೋಡಿ ಬಾಯಿ ತೆರೆಯುವುದಿಲ್ಲ, ಎರೆಯನ್ನು ನೋಡಿ ತೆರೆಯುತ್ತದೆ. ಮತ್ತು ಯಾವ ಮೀನಿಗೆ ಯಾವ ಎರೆ ಎಂಬುದು ಗಾಳ ಹಾಕುವವನಿಗೆ ಗೊತ್ತಿರುತ್ತದೆ. ಆ ವ್ಯಾಪಾರಿ ಲಕೋಟೆ ಕೊಡುವ ಮೊದಲು ನಿಮ್ಮ ಮಗಳು ಯಾವ ಶಾಲೆಯಲ್ಲಿದ್ದಾಳೆ, ಫೀಸು ಎಷ್ಟು ಎಂದು ವಿಚಾರಿಸಿರಲಿಲ್ಲವೇ? ಚಹಾ ಕುಡಿಯುತ್ತ ನೀವು ಅದನ್ನು ಹೇಳಿಕೊಂಡಿರಲಿಲ್ಲವೇ? ಯೆಹೋಶುವನ ಪುಸ್ತಕದ 7ನೆಯ ಅಧ್ಯಾಯದಲ್ಲಿ ಆಕಾನನು ಯೆರಿಕೋವಿನ ಕೊಳ್ಳೆಯಲ್ಲಿ ಕದ್ದದ್ದನ್ನು ಒಪ್ಪಿಕೊಳ್ಳುವಾಗ ಲೆಕ್ಕ ಒಪ್ಪಿಸುವವನಂತೆ ಮಾತಾಡುತ್ತಾನೆ: ಶಿನಾರಿನ ಒಂದು ಒಳ್ಳೆಯ ನಿಲುವಂಗಿ, 200 ಶೆಕೆಲ್ ಬೆಳ್ಳಿ, 50 ಶೆಕೆಲ್ ತೂಕದ ಬಂಗಾರದ ಗಟ್ಟಿ, ಕಂಡೆ, ಆಶಿಸಿದೆ, ತೆಗೆದುಕೊಂಡೆ, ಗುಡಾರದ ನೆಲದೊಳಗೆ ಹುಗಿದಿಟ್ಟೆ. ಏದೆನ್ ತೋಟದಲ್ಲಿ ಹವ್ವಳ ಕಥೆಯೂ ಕಾಣುವುದರಿಂದ ಮೊದಲಾಗಿ ತೆಗೆದುಕೊಳ್ಳುವುದರಲ್ಲಿ ಮುಗಿದು, ಆಮೇಲೆ ಮರಗಳ ಮರೆಯಲ್ಲಿ ಅಡಗುವುದಕ್ಕೆ ಹೋಗುತ್ತದೆ. ನೀವು ಪ್ರಾರ್ಥನೆಯನ್ನೂ ವಚನವನ್ನೂ ಹುಡುಕಿದ್ದು ತೆಗೆದುಕೊಳ್ಳುವ ಗಳಿಗೆಯಲ್ಲಿ. ಅಷ್ಟು ಹೊತ್ತಿಗೆ ಕಾಣುವುದೂ ಆಶಿಸುವುದೂ ಎಷ್ಟೋ ವಾರಗಳಿಂದ ನಡೆದುಹೋಗಿತ್ತು. ಕೋಟೆ ಕೊಳ್ಳೆ ಹೋದ ಮೇಲೆ ಬಾಗಿಲು ಹಾಕಿಕೊಂಡ ಹಾಗಾಯಿತು.

ಹೀಗೆ ಹೇಳುವಾಗ ನಿಮ್ಮ ನಂಬಿಕೆ ಸುಳ್ಳೆಂದು ನಾನು ಹೇಳುತ್ತಿಲ್ಲ. ನಿಮ್ಮ ಹೋರಾಟ ನಿಜವಾದದ್ದು, ಆದರೆ ನೀವು ಅದನ್ನು ಬಹಳ ತಡವಾಗಿ ಶುರು ಮಾಡುತ್ತಿದ್ದೀರಿ. ದಾನಿಯೇಲನ ಪುಸ್ತಕದ ಮೊದಲನೆಯ ಅಧ್ಯಾಯವನ್ನು ಓದಿ. ಬಾಬೆಲಿಗೆ ಸೆರೆಯಾಗಿ ಹೋದ ದಾನಿಯೇಲನು ಅಲ್ಲಿಯ ಅರಸನ ಭೋಜನದಿಂದ ತನ್ನನ್ನು ಅಶುದ್ಧ ಮಾಡಿಕೊಳ್ಳಬಾರದೆಂದು ಮನಸ್ಸಿನಲ್ಲಿ ನಿಶ್ಚಯಿಸಿಕೊಂಡನೆಂದು ಮೊದಲು ಬರೆದಿದೆ. ಆಮೇಲೆ ಅವನು ಹೋಗಿ ಅಧಿಕಾರಿಯನ್ನು ವಿನಯದಿಂದ ಬೇಡಿಕೊಳ್ಳುತ್ತಾನೆ, 10 ದಿನ ಪರೀಕ್ಷಿಸಿ ನೋಡು ಎಂದು ಒಂದು ದಾರಿಯನ್ನೂ ಸೂಚಿಸುತ್ತಾನೆ. ತಟ್ಟೆ ಎದುರಿಗೆ ಬಂದು, ವಾಸನೆ ಮೂಗಿಗೆ ಬಡಿದ ಮೇಲೆ ನಿರ್ಧರಿಸಲು ಅವನು ಕಾಯಲಿಲ್ಲ.

ಇನ್ನು ವಚನ ನೆನಪಿಗೆ ಬಾರದ ಸಂಗತಿ. ಈ ಮಾತನ್ನು ನಾನು ಪುಣೆಯ ಕನ್ನಡ ವಿಶ್ವಾಸಿಗಳಿಂದ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ, ಅದಕ್ಕಾಗಿ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ. ಮತ್ತಾಯನ ಸುವಾರ್ತೆಯ 4ನೆಯ ಅಧ್ಯಾಯದಲ್ಲಿ ಯೇಸು 40 ದಿನ ಉಪವಾಸವಿದ್ದ ಮೇಲೆ ಸೈತಾನನಿಗೆ ಕೊಟ್ಟ ಮೂರು ಉತ್ತರಗಳೂ ಧರ್ಮೋಪದೇಶಕಾಂಡದಿಂದ ಬಂದವು: ಒಂದು 8ನೆಯ ಅಧ್ಯಾಯದಿಂದ, ಎರಡು 6ನೆಯ ಅಧ್ಯಾಯದಿಂದ. ನೂರಾರು ಪುಟಗಳ ಶಾಸ್ತ್ರದಲ್ಲಿ ಎಲ್ಲೆಲ್ಲಿಂದಲೋ ಹೆಕ್ಕಿದ ವಾಕ್ಯಗಳಲ್ಲ ಅವು. ಇಸ್ರಾಯೇಲ್ಯರು 40 ವರ್ಷ ಅರಣ್ಯದಲ್ಲಿ ಹಸಿದದ್ದನ್ನೂ ದೇವರು ಅವರನ್ನು ಸಾಕಿದ್ದನ್ನೂ ಮೋಶೆ ನೆನಪಿಸುವ ಭಾಗ ಅದು. ಅರಣ್ಯದಲ್ಲಿ ಹಸಿದು ನಿಂತ ಯೇಸು ಆ ಕಥೆಯೊಳಗೇ ಇದ್ದನು, ಆದ್ದರಿಂದ ಉತ್ತರ ಅಲ್ಲಿಂದಲೇ ಬಂತು. ಇನ್ನೊಂದನ್ನೂ ಗಮನಿಸಿ. ದೇವಾಲಯದ ಶಿಖರದ ಮೇಲೆ ನಿಲ್ಲಿಸಿದಾಗ ಸೈತಾನನೂ 91ನೆಯ ಕೀರ್ತನೆಯ ವಚನವನ್ನೇ ಬಾಯಿಪಾಠ ಒಪ್ಪಿಸಿದನು. ಬಾಯಿಪಾಠವೊಂದೇ ಕಾಯುವುದಾದರೆ ಅವನೇ ಮೊದಲು ರಕ್ಷಣೆ ಹೊಂದಬೇಕಾಗಿತ್ತು.

ನಾವು ವಚನವನ್ನು ತಾಯಿತದ ಹಾಗೆ ಇಟ್ಟುಕೊಳ್ಳುತ್ತೇವೆ. ಕ್ಯಾಲೆಂಡರಿನಲ್ಲಿ ಒಂದು ವಾಕ್ಯ, ಮೊಬೈಲಿನ ಪರದೆಯ ಮೇಲೆ ಒಂದು ವಾಕ್ಯ, ಕಷ್ಟ ಬಂದಾಗ ಉಚ್ಚರಿಸಲು ಒಂದು ವಾಕ್ಯ. ಹಿಂದುಮುಂದಿನ ಕಥೆಯಿಂದ ಕಿತ್ತುತಂದ ವಾಕ್ಯಕ್ಕೆ ಮನಸ್ಸಿನಲ್ಲಿ ಬೇರಿರುವುದಿಲ್ಲ; ಲಕೋಟೆಯ ಎದುರು ಅದು ಸುಲಭವಾಗಿ ಉದುರಿಹೋಗುತ್ತದೆ. ಮನುಷ್ಯನು ರೊಟ್ಟಿಯಿಂದ ಮಾತ್ರ ಬದುಕುವುದಿಲ್ಲ ಎಂಬ ವಚನ ನಿಮಗೆ ಬಾಯಿಗೆ ಬರುತ್ತದೆಂದು ನನಗೆ ಖಾತ್ರಿಯಿದೆ. ಅದರ ಹಿಂದಿರುವ, ಅರಣ್ಯದಲ್ಲಿ ದೇವರು ಕೊಟ್ಟ ಆಹಾರವಾದ ಮನ್ನದ ಕಥೆಯನ್ನು ವಿಮೋಚನಕಾಂಡದ 16ನೆಯ ಅಧ್ಯಾಯದಲ್ಲಿ ನಿಧಾನವಾಗಿ ಓದಿ. ದಿನದಿನದ ಪಾಲನ್ನು ದಿನದಿನವೇ ಕೂಡಿಸಿಕೊಳ್ಳಬೇಕು, ತಲೆಗೆ ಒಂದು ಓಮೆರ್ ಎಂಬ ಅಳತೆಯಷ್ಟು. ಹೆಚ್ಚು ಕೂಡಿಸಿದವನಿಗೆ ಮಿಗಲಿಲ್ಲ, ಕಡಿಮೆ ಕೂಡಿಸಿದವನಿಗೆ ಸಾಲದೆ ಹೋಗಲಿಲ್ಲ. ನಾಳೆಗಿರಲಿ ಎಂದು ಕೆಲವರು ಬಚ್ಚಿಟ್ಟರು. ಬೆಳಿಗ್ಗೆ ನೋಡಿದರೆ ಹುಳ ಬಿದ್ದು ನಾರುತ್ತಿತ್ತು. ಇದನ್ನು ಹತ್ತು ಸಲ ಓದಿ ಕಣ್ಣಿಗೆ ಕಟ್ಟಿಸಿಕೊಂಡವನಿಗೆ ನೂರಕ್ಕೆ ಎರಡು ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಆ ಪಾತ್ರೆಯ ವಾಸನೆ ಮೂಗಿಗೆ ಬರುತ್ತದೆ. ಆಗ ವಚನವನ್ನು ನೀವು ಹುಡುಕಬೇಕಾಗಿಲ್ಲ.

ಇದು ತಾಯ್ನುಡಿಯಲ್ಲಿ ಆಗಬೇಕು ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಇಲ್ಲಿ ಆರಾಧನೆ ಕನ್ನಡದಲ್ಲಿ, ಮಕ್ಕಳ ಬೈಬಲ್ ಇಂಗ್ಲಿಷಿನಲ್ಲಿ, ಕೆಲಸದ ಮಾತು ಮರಾಠಿ ಹಿಂದಿಯಲ್ಲಿ. ಎದೆಗೆ ಇಳಿಯಬೇಕಾದ ಮಾತು ಮೂರು ಕಡೆಗೆ ಚೆಲ್ಲಿಹೋಗುತ್ತದೆ. ಸಹ್ಯಾದ್ರಿಯ ನಮ್ಮ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿ, ಪುಣೆಯ ಹತ್ತಿರದ ಕೇಡಗಾವದಲ್ಲಿ ಮುಕ್ತಿ ಎಂಬ ಆಶ್ರಮವನ್ನು ಕಟ್ಟಿದ ಪಂಡಿತಾ ರಮಾಬಾಯಿ ಸಂಸ್ಕೃತದಲ್ಲಿ ದೊಡ್ಡ ವಿದ್ವಾಂಸರು. ಅಂಥವರು ತಮ್ಮ ಕೊನೆಯ ವರ್ಷಗಳನ್ನೆಲ್ಲ ಬೈಬಲನ್ನು ಹಳ್ಳಿಯ ಹೆಂಗಸರಿಗೆ ತಿಳಿಯುವ ಸರಳ ಮರಾಠಿಗೆ ತರುವುದಕ್ಕೆ ಕೊಟ್ಟರು, 1922ರಲ್ಲಿ ತೀರಿಕೊಳ್ಳುವ ಮುಂಚೆ ಅದನ್ನು ಮುಗಿಸಿದರು. ಅರ್ಥವಾಗದ ಮಾತು ಆಪತ್ತಿನಲ್ಲಿ ಆಸರೆಯಾಗುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ನೀವು ಕನ್ನಡದ ಸತ್ಯವೇದದಲ್ಲಿ ಎರಡೇ ಭಾಗಗಳಿಂದ ಶುರು ಮಾಡಿ. ಒಂದು, 15ನೆಯ ಕೀರ್ತನೆ. ಐದೇ ವಚನಗಳು, ದೇವರ ಗುಡಾರದಲ್ಲಿ ಇರತಕ್ಕವನು ಯಾರು ಎಂದು ಶುರುವಾಗಿ ಲಂಚ ತೆಗೆದುಕೊಳ್ಳದವನು ಎಂಬಲ್ಲಿಗೆ ಬರುತ್ತದೆ. ಇನ್ನೊಂದು, ಜ್ಞಾನೋಕ್ತಿಗಳ 30ನೆಯ ಅಧ್ಯಾಯದಲ್ಲಿ ಆಗೂರನ ಪ್ರಾರ್ಥನೆ. ಬಡತನವನ್ನೂ ಐಶ್ವರ್ಯವನ್ನೂ ಕೊಡಬೇಡ, ನನ್ನ ಪಾಲಿನ ಆಹಾರವನ್ನು ಕೊಡು. ಹೊಟ್ಟೆ ತುಂಬಿದರೆ ನಿನ್ನನ್ನು ಮರೆತೇನು, ಇಲ್ಲದೆ ಹೋದರೆ ಕದ್ದೇನು ಎಂದು ಅವನು ಬೇಡುತ್ತಾನೆ. ಕದಿಯುವ ಸಾಧ್ಯತೆ ತನ್ನಲ್ಲಿದೆ ಎಂದು ಮೊದಲೇ ದೇವರ ಮುಂದೆ ಒಪ್ಪಿಕೊಂಡ ಮನುಷ್ಯನ ಪ್ರಾರ್ಥನೆ ಅದು, ಅದಕ್ಕಾಗಿಯೇ ನನಗೆ ಅದು ಬಹಳ ಹತ್ತಿರದ್ದು.

ಯಾರಿಗೂ ನಷ್ಟವಿಲ್ಲ ಎಂದು ಬರೆದಿದ್ದೀರಿ. ಲಂಚವು ಕಣ್ಣುಳ್ಳವರನ್ನೂ ಕುರುಡು ಮಾಡುತ್ತದೆಂದು ವಿಮೋಚನಕಾಂಡದ 23ನೆಯ ಅಧ್ಯಾಯದಲ್ಲಿದೆ. ಲಂಚ ತೆಗೆದುಕೊಂಡವನು ಕಂಡೂ ಸುಳ್ಳು ಹೇಳುತ್ತಾನೆ ಎಂದಿದ್ದರೆ ಅರ್ಥವಾಗುವ ಮಾತು. ಅವನಿಗೆ ಕಾಣುವುದೇ ಇಲ್ಲ ಎನ್ನುತ್ತದೆ ಶಾಸ್ತ್ರ. ಒಂದು ಭಾನುವಾರ ನಮ್ಮ ಸಭೆಯಲ್ಲಿ ಕರ್ತನ ಭೋಜನದ ರೊಟ್ಟಿಗೆ ಕೈಯೊಡ್ಡಿದ ಪ್ರೆಸ್ ಕೆಲಸಗಾರರೊಬ್ಬರ ಹೆಬ್ಬೆರಳಿನ ಬುಡದಲ್ಲಿ ಆರು ಹೊಲಿಗೆಗಳಿದ್ದವು. ತಗಡಿನ ಅಂಚು ಕೈಗವಸನ್ನು ಸೀಳಿಕೊಂಡು ಒಳಗೆ ಹೋಗಿತ್ತು. ಹೊಸ ಜೋಡಿ, ಹಾಕಿಕೊಂಡು ಎರಡು ದಿನವೂ ಆಗಿರಲಿಲ್ಲ. ಅದನ್ನು ಯಾರು ಪೂರೈಸಿದರು, ಯಾರು ಪಾಸು ಮಾಡಿದರು, ನಡುವೆ ಏನಾಯಿತು ಎಂದು ನಾನು ಹೇಳಲಾರೆ. ನಿಮ್ಮ ಕಾರ್ಖಾನೆಯ ಸಂಗತಿಯೂ ಅದಲ್ಲ. ಆದರೆ ರೊಟ್ಟಿಯ ತುಂಡನ್ನು ಆ ಕೈಯಲ್ಲಿ ಇಡುವಾಗ ನನ್ನ ಕೈ ನಡುಗಿತು, ನಿಮ್ಮ ಪತ್ರದಲ್ಲಿ ಕೈಗವಸು ಎಂಬ ಶಬ್ದವನ್ನು ಓದಿದಾಗ ಅದು ಮತ್ತೆ ನೆನಪಾಯಿತು. ನಾಳೆ ಸ್ಟೋರಿಗೆ ಹೋದಾಗ ಆ ವ್ಯಾಪಾರಿಯ ಮಾಲಿನಿಂದ ಒಂದು ಜೋಡಿಯನ್ನು ತೆಗೆದು, ಹೆಬ್ಬೆರಳಿನ ಹೊಲಿಗೆಯನ್ನು ಎಳೆದು ನೋಡಿ. ದೀಪಾವಳಿಯ ನಂತರ ನೀವು ಹಾಗೆ ಎಳೆದು ನೋಡಿದ್ದೀರಾ? ನೋಡಿಲ್ಲವಾದರೆ ಯಾಕೆ ನೋಡಲಿಲ್ಲ ಎಂದು ಕೇಳಿಕೊಳ್ಳಿ. ನಮ್ಮ ಕಡೆ ಉಪ್ಪಿನ ಋಣ ಎನ್ನುತ್ತಾರೆ. ಕಂಪನಿಯ ಉಪ್ಪನ್ನೂ ವ್ಯಾಪಾರಿಯ ಉಪ್ಪನ್ನೂ ಒಟ್ಟಿಗೆ ತಿಂದವನು ಕೊನೆಗೆ ಯಾರ ಋಣ ತೀರಿಸುತ್ತಾನೆ ಎಂಬುದು ಆ ಹೊಲಿಗೆಯಲ್ಲಿ ಕಾಣುತ್ತದೆ.

ಇದರಿಂದ ಕೆಲಸವನ್ನೇ ಬಿಡಬೇಕೆಂದು ತಿಳಿಯಬೇಡಿ. ಲೂಕನ ಸುವಾರ್ತೆಯ 3ನೆಯ ಅಧ್ಯಾಯದಲ್ಲಿ ಸುಂಕದವರೂ ಸಿಪಾಯಿಗಳೂ ಸ್ನಾನಿಕನಾದ ಯೋಹಾನನ ಹತ್ತಿರ ಬಂದು ನಾವೇನು ಮಾಡಬೇಕೆಂದು ಕೇಳಿದರು. ಅವನು ಅವರಿಗೆ ಅರಣ್ಯಕ್ಕೆ ಬನ್ನಿ ಎನ್ನಲಿಲ್ಲ. ನೇಮಿಸಿದ್ದಕ್ಕಿಂತ ಹೆಚ್ಚು ವಸೂಲಿ ಮಾಡಬೇಡಿ, ಬೆದರಿಸಿ ಕಿತ್ತುಕೊಳ್ಳಬೇಡಿ, ನಿಮ್ಮ ಸಂಬಳದಲ್ಲಿ ತೃಪ್ತರಾಗಿರಿ ಎಂದನು. ಅದೇ ಮೇಜಿನ ಹಿಂದೆ ಕುಳಿತು ಬೇರೆ ರೀತಿಯಲ್ಲಿ ಕೆಲಸ ಮಾಡುವುದೇ ಅವರಿಗೆ ಮಾನಸಾಂತರವಾಗಿತ್ತು.

ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 10ನೆಯ ಅಧ್ಯಾಯದ 13ನೆಯ ವಚನ ನಿಮಗೆ ಗೊತ್ತೇ ಇರುತ್ತದೆ: ಸಹಿಸಲಾರದ ಶೋಧನೆ ನಿಮಗೆ ಬಾರದು, ಶೋಧನೆಯ ಜೊತೆಗೇ ತಪ್ಪಿಸಿಕೊಳ್ಳುವ ಮಾರ್ಗವನ್ನೂ ದೇವರು ಸಿದ್ಧಪಡಿಸುತ್ತಾನೆ. ಈ ವಚನವನ್ನು ನಾವು ಕನ್ನಡದಲ್ಲಿ ಓದುವಾಗ ಒಂದು ತಪ್ಪು ಸಹಜವಾಗಿ ಆಗುತ್ತದೆ. ಇಲ್ಲಿರುವ ನೀವು ಎಂಬುದು ಮರ್ಯಾದೆಯ ಬಹುವಚನವೆಂದು, ದೇವರು ನನ್ನೊಬ್ಬನಿಗೇ ಹೇಳಿದ ಮಾತೆಂದು ಓದಿಕೊಳ್ಳುತ್ತೇವೆ. ಗ್ರೀಕಿನಲ್ಲಿ ಅದು ನಿಜವಾದ ಬಹುವಚನ. ಪೌಲನು ಒಂದು ಇಡೀ ಸಭೆಗೆ ಬರೆಯುತ್ತಿದ್ದಾನೆ. ಕರ್ತನ ಪ್ರಾರ್ಥನೆಯಲ್ಲೂ ನನ್ನನ್ನು ಎಂದಿಲ್ಲ, ನಮ್ಮನ್ನು ಶೋಧನೆಯೊಳಗೆ ಸೇರಿಸಬೇಡ ಎಂದಿದೆ. ಸಿದ್ಧಪಡಿಸಿದ ಮಾರ್ಗ ಎಷ್ಟೋ ಸಲ ಪಕ್ಕದ ಬೆಂಚಿನಲ್ಲಿ ಕೂತ ಮನುಷ್ಯನೇ ಆಗಿರುತ್ತಾನೆ, ನಾವು ಅವನಿಗೆ ಬಾಯಿಬಿಟ್ಟು ಹೇಳದೆ ಮೇಲೆ ನೋಡುತ್ತ ಕೂತಿರುತ್ತೇವೆ. ಫೀಸಿನ ವಿಷಯ ನಿಮ್ಮ ಸಭೆಯಲ್ಲಿ ಒಬ್ಬರಿಗಾದರೂ ಗೊತ್ತಿತ್ತೇ? ವ್ಯಾಪಾರಿಗೆ ಗೊತ್ತಿತ್ತು. ಇದು ನಿಮ್ಮ ಮೇಲಿನ ದೂರಲ್ಲ, ನಮ್ಮ ಸಭೆಗಳ ಮೇಲಿನ ದೂರು. ವಾರವಿಡೀ ಓವರ್‌ಟೈಮ್ ಮಾಡಿ ಭಾನುವಾರ ಇಸ್ತ್ರಿ ಅಂಗಿ ಹಾಕಿಕೊಂಡು ಬಂದು, ಎಲ್ಲ ಚೆನ್ನಾಗಿದೆ ಎಂದು ಕೈಕುಲುಕಿ ಹೋಗುವ ಅಭ್ಯಾಸವನ್ನು ನಾವೇ ಬೆಳೆಸಿದ್ದೇವೆ. ಮೊದಲು ನಿಮ್ಮ ಹೆಂಡತಿಗೆ ಹೇಳಿ, ಆಮೇಲೆ ನಂಬತಕ್ಕ ಒಬ್ಬ ಹಿರಿಯರಿಗೆ ಹೇಳಿ. ನಿಮ್ಮ ಪಾಪಗಳನ್ನು ಒಬ್ಬರಿಗೊಬ್ಬರು ಅರಿಕೆಮಾಡಿ ಒಬ್ಬರಿಗೋಸ್ಕರ ಒಬ್ಬರು ಪ್ರಾರ್ಥಿಸಿರಿ ಎಂದು ಬರೆದವನೂ ಅದೇ ಯಾಕೋಬನು.

ಕಾರ್ಖಾನೆಯಲ್ಲಿ ಮಾಡಬೇಕಾದದ್ದೂ ಇದೆ. ಯಜಮಾನನಾದ ಪೋಟೀಫರನ ಹೆಂಡತಿ ಪಾಪಕ್ಕೆ ಕರೆದು ಬಟ್ಟೆ ಹಿಡಿದಾಗ ಯೋಸೇಫನು ಅಲ್ಲಿಯೇ ನಿಂತು ಪ್ರಾರ್ಥಿಸಲಿಲ್ಲ, ಬಟ್ಟೆಯನ್ನು ಅವಳ ಕೈಯಲ್ಲೇ ಬಿಟ್ಟು ಓಡಿದನು. ಆ ವ್ಯಾಪಾರಿಯನ್ನು ಇನ್ನು ಮುಂದೆ ಒಬ್ಬರೇ ಭೇಟಿಯಾಗಬೇಡಿ. ಗುಣಮಟ್ಟ ವಿಭಾಗದವರೊಬ್ಬರು ಜೊತೆಗಿರಲಿ. ಹೊರಗಿನ ಚಹಾ ಬೇಡ. ದರಪಟ್ಟಿ ಮೂರು ಕಡೆಯಿಂದ ಬರಲಿ, ಇಬ್ಬರ ಎದುರಿಗೆ ತೆರೆಯಲಿ. ಇವು ಆಡಳಿತದ ಉಪಾಯಗಳು, ಆತ್ಮಿಕವಾದವುಗಳಲ್ಲ ಎಂದು ಕೆಲವು ವಿಶ್ವಾಸಿಗಳು ಇವನ್ನು ಹಗುರವಾಗಿ ಕಾಣುತ್ತಾರೆ. ನಾನು ಒಪ್ಪುವುದಿಲ್ಲ. ಎಚ್ಚರವಾಗಿದ್ದು ಪ್ರಾರ್ಥಿಸಿರಿ ಎಂದು ಗೆತ್ಸೇಮನೆಯಲ್ಲಿ ಕರ್ತನು ಹೇಳಿದಾಗ ಎಚ್ಚರವನ್ನು ಮೊದಲು ಹೇಳಿದನು.

ಈಗ ಆ 1,500 ರೂಪಾಯಿಗೆ ಬರುತ್ತೇನೆ. ಉಳಿದ 13,500 ರೂಪಾಯಿಯನ್ನು ನಿಮ್ಮ ಮನಸ್ಸಾಕ್ಷಿಗೆ ಒಪ್ಪಿಸಲು ನೀವು ಅದನ್ನು ಹಾಕಿದಿರಿ ಎಂದು ನನಗನ್ನಿಸುತ್ತದೆ, ಈ ಮಾತು ನೋಯಿಸಿದರೆ ಕ್ಷಮಿಸಿ. ಇಸ್ಕರಿಯೋತ ಯೂದನು ಯೇಸುವನ್ನು ಹಿಡಿದುಕೊಡಲು ಪಡೆದ 30 ಬೆಳ್ಳಿನಾಣ್ಯಗಳನ್ನು ದೇವಾಲಯದಲ್ಲಿ ಬಿಸಾಡಿ ಹೋದಾಗ, ಯೇಸುವನ್ನು ಕೊಲ್ಲಿಸಲು ಹೊರಟಿದ್ದ ಮಹಾಯಾಜಕರು ಕೂಡ ಅದನ್ನು ಕಾಣಿಕೆಯ ಬೊಕ್ಕಸಕ್ಕೆ ಸೇರಿಸುವುದು ಸರಿಯಲ್ಲ ಎಂದರು. ದೇವರು ಲಕೋಟೆಯಲ್ಲಿ ಪಾಲುದಾರನಾಗುವುದಿಲ್ಲ. ಹಾಗೆಂದು ಹಣವನ್ನು ಹಿಂದಿರುಗಿಸಿದರೆ ಮಾತ್ರ ಕ್ಷಮೆ ಸಿಗುತ್ತದೆ ಎಂದೂ ತಿಳಿಯಬೇಡಿ. ಸುಂಕದವನಾದ ಜಕ್ಕಾಯನ ಕಥೆಯ ಕ್ರಮವನ್ನು ನೋಡಿ: ಯೇಸು ಮೊದಲು ಅವನ ಮನೆಗೆ ಹೋದನು, ನಾಲ್ಕರಷ್ಟು ತಿರುಗಿ ಕೊಡುತ್ತೇನೆಂಬ ಮಾತು ಆಮೇಲೆ ಬಂತು. ಕ್ಷಮೆ ಮನೆಯೊಳಗೆ ಬಂದು ಕೂತ ಮೇಲೆ ಬೇರೆಯವರ ಹಣ ಆ ಮನೆಯಲ್ಲಿ ಇರಲು ಒಪ್ಪುವುದಿಲ್ಲ. ಯಾಜಕಕಾಂಡದ 6ನೆಯ ಅಧ್ಯಾಯವೂ ಮೋಸದಿಂದ ಪಡೆದದ್ದನ್ನು ಐದರಲ್ಲೊಂದು ಪಾಲು ಸೇರಿಸಿ ಅದರ ಒಡೆಯನಿಗೆ ಕೊಡಬೇಕು, ಆಮೇಲೆ ಬಲಿಯನ್ನು ತರಬೇಕು ಎನ್ನುತ್ತದೆ.

ನಿಮ್ಮ ವಿಷಯದಲ್ಲಿ ಒಡೆಯ ಯಾರು? ಲಕೋಟೆ ಕೊಟ್ಟವರು ವ್ಯಾಪಾರಿ, ಆದರೆ ಆ ಹಣವನ್ನು ಅವರು ದರದಲ್ಲಿ ಸೇರಿಸಿ ತೆಗೆದುಕೊಂಡಿದ್ದರೆ ಹೋದದ್ದು ಕಂಪನಿಯದು. ವ್ಯಾಪಾರಿಗೆ 15,000 ರೂಪಾಯಿಯನ್ನು ಬ್ಯಾಂಕಿನ ಮೂಲಕ, ಬರಹದ ಎರಡು ಸಾಲಿನೊಂದಿಗೆ ಹಿಂದಿರುಗಿಸಿದರೆ ಗಾಳದ ದಾರ ಕಡಿಯುತ್ತದೆ. ನೂರಕ್ಕೆ ಎರಡರ ಮಾತೂ ಅಲ್ಲಿಗೆ ನಿಲ್ಲುತ್ತದೆ. ಅದರ ಜೊತೆಗೆ ನಿಮ್ಮ ಮೇಲಧಿಕಾರಿಗೂ ಹೇಳಬೇಕೆಂಬುದು ನನ್ನ ಅಭಿಪ್ರಾಯ. ಹೇಳಿದರೆ ಕೆಲಸಕ್ಕೆ ಕುತ್ತು ಬರಬಹುದು. ಬರುವುದಿಲ್ಲವೆಂದು ನಿಮಗೆ ಭರವಸೆ ಕೊಡಲು ನನಗೆ ಅಧಿಕಾರವಿಲ್ಲ, ದೇವರ ಹೆಸರಿನಲ್ಲಿ ಅಂಥ ಭರವಸೆ ಕೊಡುವವರನ್ನು ನಂಬಬೇಡಿ. ಅದಕ್ಕಾಗಿಯೇ ಹೆಂಡತಿಯೂ ಹಿರಿಯರೂ ಜೊತೆಗಿರುವಾಗ ಈ ಹೆಜ್ಜೆ ಇಡಿ ಎನ್ನುತ್ತಿದ್ದೇನೆ. ಒಂದೇ ಸಲ ಅಷ್ಟು ಹಣ ಹೊಂದಿಸಲಾಗದಿದ್ದರೆ ಹಿರಿಯರ ಮುಂದೆ ಅದನ್ನೂ ಇಡಿ; ಸಭೆ ಇರುವುದು ಇಂಥದ್ದಕ್ಕೆ.

ಇಷ್ಟೆಲ್ಲ ಆದ ಮೇಲೂ ಆಸೆ ಮತ್ತೆ ಮೂಡಬಹುದು. ಮೂಡಿತೆಂದರೆ ಬಿದ್ದೆನೆಂದು ಅರ್ಥವಲ್ಲ. ನಮ್ಮ ಮಹಾಯಾಜಕನಾದ ಯೇಸು ಎಲ್ಲ ವಿಧದಲ್ಲೂ ನಮ್ಮ ಹಾಗೆ ಶೋಧನೆಗೆ ಒಳಗಾದನು, ಆದರೆ ಪಾಪ ಮಾಡಲಿಲ್ಲ ಎಂದು ಇಬ್ರಿಯರಿಗೆ ಬರೆದ ಪತ್ರಿಕೆಯ 4ನೆಯ ಅಧ್ಯಾಯದಲ್ಲಿದೆ. ಆತನನ್ನು ಕೂಡ ಸೈತಾನನು ಸ್ವಲ್ಪಕಾಲ ಮಾತ್ರ ಬಿಟ್ಟುಹೋದನೆಂದು ಲೂಕನು ಬರೆಯುತ್ತಾನೆ. ನಿಮಗೂ ಮುಂದಿನ ದೀಪಾವಳಿ ಬರುತ್ತದೆ, ಮಿಠಾಯಿ ಡಬ್ಬಿಗಳು ಬರುತ್ತವೆ. ಆ ವಾರ ಸ್ಟೋರಿಗೆ ಬಂದ ಪ್ರತಿ ಡಬ್ಬಿಯನ್ನೂ ಹುಡುಗರೆಲ್ಲರ ಎದುರಿಗೆ, ನಡುಮೇಜಿನ ಮೇಲಿಟ್ಟು ತೆರೆಯಿರಿ. ಮಿಠಾಯಿಯನ್ನು ಅಲ್ಲಿಯೇ ಹಂಚಿ. ಕೆಳಗೆ ಏನಾದರೂ ಇದ್ದರೆ ಎಲ್ಲರೂ ನೋಡಲಿ, ತಂದವರು ಬಾಗಿಲು ದಾಟುವ ಮೊದಲೇ ಅವರ ಕೈಗೆ ಕೊಡಿ.